ಜಿಂಕೆಗೆ ಹಾಕಿದ ಕ್ಯಾರೆಟ್ಟು

ಈ ಕಡೆ ತಲೆ ಹಾಕದೆ ಐದು ತಿಂಗಳಾಯ್ತು. "ಏನ್ ಮಾರಾಯ, ಬ್ಲಾಗಿಗೆ ಬೀಗ ಹಾಕಿಬಿಟ್ಯಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದರು. (ಇಬ್ಬರೇ. ನನ್ನ ಓದುಗರು ಎಷ್ಟು ಜನ ಅಂತ ನನಗೆ ಗೊತ್ತು ಬಿಡಿ :-)) ರಿಲೀಸ್ ಇತ್ತು, ರಾತ್ರಿ ಕಾಲ್ ಇತ್ತು ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಬರೆಯಬೇಕಾದ್ದು ಒಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬಿಟ್ಟು ಬೇರೆ ಏನೋ ಒಂದು ಸಿನಿಮಾ ಬಗ್ಗೆಯೋ ಉಪ್ಪಿಟ್ಟಿನ ಬಗ್ಗೆಯೋ ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಮೂರು ಸಲ ಶುರು ಮಾಡಿ ಮೂರು ಸಲವೂ ಅಳಿಸಿದೆ. ಇವತ್ತು ಶನಿವಾರ, ಹೊರಗೆ ಹಿಮ ಸುರಿಯುತ್ತಿದೆ, ಕಾರು ತೆಗೆಯುವ ಹಾಗಿಲ್ಲ. ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೇನೆ.

ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ. ಅಪಾರ್ಟ್‌ಮೆಂಟಿನ ಹಿಂದೆ ಒಂದು ಸಣ್ಣ ಕಾಡಿನ ತುಂಡು ಇದೆ. ಕಾಡು ಅಂದರೆ ನಮ್ಮ ಬಂಡೀಪುರದ ಥರ ಅಲ್ಲ, ಒಂದೈವತ್ತು ಮರ, ನಡುವೆ ಒಂದು ಚರಂಡಿ. ಅಷ್ಟಕ್ಕೇ ಜಿಂಕೆ ಬರುತ್ತವೆ. ಬಿಳಿಬಾಲದ ಜಿಂಕೆ ಅಂತ ಇಲ್ಲಿಯ ಜಾತಿ. ನಮ್ಮ ಚುಕ್ಕೆ ಜಿಂಕೆಯ ಅಂದ ಇಲ್ಲ, ಚಳಿಗಾಲದಲ್ಲಿ ಮೈ ಬೂದು ಬಣ್ಣ, ಬೆದರಿ ಓಡುವಾಗ ಮಾತ್ರ ಬಾಲ ಎತ್ತಿ ಬಿಳಿ ಬಾವುಟ ತೋರಿಸುತ್ತವೆ. ೨೦೨೪ರ ಜನವರಿಯಲ್ಲಿ ಒಂದು ತಾಯಿ, ಎರಡು ಮರಿ ದಿನಾ ಸಂಜೆ ನನ್ನ ಕಿಟಕಿಯ ಹತ್ತಿರಕ್ಕೆ ಬರತೊಡಗಿದವು. ನೆಲದ ಮೇಲೆ ಒಂದಡಿ ಹಿಮ. ಗಿಡದ ತುದಿ, ತೊಗಟೆ, ಏನು ಸಿಕ್ಕರೆ ಅದನ್ನು ಕಚ್ಚುತ್ತಿದ್ದವು. ನನಗೆ ಕರುಳು ಚುರಕ್ ಅಂತು. ಅಂಗಡಿಯಿಂದ ದೊಡ್ಡ ಚೀಲ ಕ್ಯಾರೆಟ್ ತಂದು ಹಿಂದಿನ ಮೆಟ್ಟಿಲ ಕೆಳಗೆ ಸುರಿದೆ. ಮೊದಲ ದಿನ ಮೂಸಿ ನೋಡಿ ಹೋದವು. ಮೂರನೇ ದಿನ ಐದು ಬಂದವು. ಹತ್ತನೇ ದಿನ ಹನ್ನೊಂದು!

ವಿಡಿಯೋ ಮಾಡಿ ಮನೆಯ ಗ್ರೂಪಿಗೆ ಹಾಕಿದೆ. ಅಪ್ಪ ಒಂದೇ ಸಾಲು ಬರೆದಿದ್ದ, "ನಮ್ ಜಿಂಕೆಗಿಂತ ದಪ್ಪ ಅವೆ". ಅವ್ವ, ಅಕ್ಕ, ಮೈಸೂರಿನ ಚಿಕ್ಕಪ್ಪ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ಪುಣ್ಯದ ಕೆಲಸ ಅಂತ. ಈ ದೇಶಕ್ಕೆ ಬಂದು ಎರಡು ವರ್ಷಕ್ಕೆ ನನಗೆ ಇದೊಂದು ಊರು ಅನ್ನಿಸಿದ್ದು ಆಗಲೇ.

ಅದೇ ವಿಡಿಯೋವನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ಟೀಮಿನ ಹಿರಿಯರೊಬ್ಬರಿಗೆ ತೋರಿಸಿದೆ. ಐವತ್ತು ದಾಟಿದ ಮನುಷ್ಯ, ಕಡಿಮೆ ಮಾತು, ನನ್ನ ಕೋಡನ್ನು ನೋಡಿ "ಚೆನ್ನಾಗಿದೆ" ಅಂತ ಒಂದೇ ಒಂದು ಸಲ ಹೇಳಿದ್ದಾರೆ, ಅದನ್ನು ನಾನು ಇನ್ನೂ ಮರೆತಿಲ್ಲ. ಅವರ ಮೂಲ ಊರು ರಾಜ್ಯದ ಈಶಾನ್ಯ ಮೂಲೆಯ ಅಲ್ಪೀನಾ ಕಡೆ. ವಿಡಿಯೋ ಪೂರ್ತಿ ನೋಡಿದರು. ನಗಲಿಲ್ಲ. ಎಷ್ಟು ದಿನದಿಂದ ಹಾಕ್ತಿದ್ದೀಯ ಅಂದರು. ಮೂರು ವಾರ ಅಂದೆ. "ಇವತ್ತು ಹೋಗಿ ಉಳಿದಿದ್ದನ್ನೆಲ್ಲ ಬಾಚಿ ಕಸಕ್ಕೆ ಹಾಕು. ಇನ್ನು ಹಾಕಬೇಡ" ಅಂದು ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟರು.

ನನಗೆ ಸಿಟ್ಟು ಬಂತು. ನವೆಂಬರ್ ಬಂದರೆ ಬಂದೂಕು ಹಿಡಿದು ಕಾಡಿಗೆ ಹೋಗುವ ಜನ, ಜಿಂಕೆಗೆ ಕ್ಯಾರೆಟ್ ಹಾಕಬೇಡ ಅಂತ ನನಗೆ ಹೇಳೋದಾ ಅಂತ. (ಇಲ್ಲಿ ಜಿಂಕೆ ಬೇಟೆಯ ಬಂದೂಕಿನ ಸೀಸನ್ ಶುರುವಾಗೋದು ನವೆಂಬರ್ ೧೫ಕ್ಕೆ. ನಮಗೆ ನವೆಂಬರ್ ೧ ಹೇಗೋ ಅವರಿಗೆ ೧೫ ಹಾಗೆ. ಕೆಲವು ಊರುಗಳಲ್ಲಿ ಶಾಲೆಗೇ ರಜೆ.) ಆ ರಾತ್ರಿ ಮನೆಗೆ ಬಂದು ಹುಡುಕಿ ಓದಲು ಕೂತೆ, ಅವರದು ತಪ್ಪು ಅಂತ ಸಾಬೀತು ಮಾಡೋದಕ್ಕೆ. ಎರಡು ಗಂಟೆಯವರೆಗೂ ಓದಿದೆ. ಬೆಳಿಗ್ಗೆ ಎದ್ದು ಕ್ಯಾರೆಟ್ ಬಾಚಿ ಕಸಕ್ಕೆ ಹಾಕಿದೆ.

ಓದಿದ್ದು ಇಷ್ಟು. ದನಗಳಿಗೆ ಬರುವ ಒಂದು ಕ್ಷಯ ಇದೆ. ಮೈಕೋಬ್ಯಾಕ್ಟೀರಿಯಂ ಬೋವಿಸ್ ಅಂತ ಅದರ ರೋಗಾಣು, ಮನುಷ್ಯರಿಗೆ ಬರುವ ಟೀಬಿಯ ಹತ್ತಿರದ ನೆಂಟ. ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ನಮ್ಮ ಮನೆಗಳಲ್ಲಿ ಹಾಲನ್ನು ಉಕ್ಕಿಸದೆ ಕುಡಿಯಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ನೂರು ವರ್ಷದ ಹಿಂದೆ ಅಮೆರಿಕದ ದನಗಳಲ್ಲಿ ಇದು ತುಂಬಾ ಇತ್ತು. ೧೯೧೭ರಲ್ಲಿ ಸರ್ಕಾರ ಇದರ ಮೇಲೆ ಯುದ್ಧ ಸಾರಿತು. ಒಂದೊಂದು ದನಕ್ಕೂ ಚರ್ಮದ ಪರೀಕ್ಷೆ, ರೋಗ ಇದೆ ಅಂತ ಬಂದರೆ ಕೊಲ್ಲುವುದು. ಹೀಗೆ ದಶಕಗಟ್ಟಲೆ ನಡೆದು ೧೯೭೯ರಲ್ಲಿ ಮಿಶಿಗನ್ ರಾಜ್ಯದ ದನಗಳು ಕ್ಷಯಮುಕ್ತ ಅಂತ ಘೋಷಣೆಯಾಯಿತು.

ಆದರೆ ಅದಕ್ಕೂ ನಾಲ್ಕು ವರ್ಷ ಮೊದಲು, ೧೯೭೫ರಲ್ಲಿ, ಅಲ್ಪೀನಾ ಪಕ್ಕದ ಅಲ್ಕೋನಾ ಕೌಂಟಿಯಲ್ಲಿ ಬೇಟೆಗಾರನೊಬ್ಬ ಹೊಡೆದ ಹೆಣ್ಣು ಜಿಂಕೆಯಲ್ಲಿ ಅದೇ ದನದ ಕ್ಷಯ ಸಿಕ್ಕಿತ್ತು. ಎಲ್ಲೋ ಒಂದು ಅಂತ ಬಿಟ್ಟರು. ಕಾಡಿನ ಜಿಂಕೆಗಳಲ್ಲಿ ಈ ರೋಗ ತಾನಾಗಿ ಉಳಿಯಲಾರದು, ದನದಲ್ಲಿ ಇಲ್ಲದಿದ್ದರೆ ಜಿಂಕೆಯಲ್ಲೂ ಇರಲ್ಲ ಅನ್ನುವುದು ಆಗಿನ ತಿಳಿವಳಿಕೆ. ೧೯೯೪ರಲ್ಲಿ ಅಲ್ಲಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಸಿಕ್ಕಿತು. ಈ ಸಲ ಬಿಡಲಿಲ್ಲ. ಮರುವರ್ಷ ಬೇಟೆಗಾರರು ತಂದ ಜಿಂಕೆಗಳ ತಲೆಗಳನ್ನು ಪರೀಕ್ಷೆ ಮಾಡಿ ನೋಡಿದರೆ, ಆ ಮೂಲೆಯ ಕಾಡಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ ಐದು ಜಿಂಕೆಗಳಿಗೆ ಕ್ಷಯ! ೧೯೯೮ರಲ್ಲಿ ದನಗಳಲ್ಲೂ ಕಾಣಿಸಿಕೊಂಡಿತು. ೨೦೦೦ದಲ್ಲಿ ರಾಜ್ಯದ ಕ್ಷಯಮುಕ್ತ ಪಟ್ಟ ಹೋಯಿತು. ಅಂದಿನಿಂದ ಈವರೆಗೆ ಎಂಬತ್ತಕ್ಕೂ ಹೆಚ್ಚು ದನದ ಮಂದೆಗಳಲ್ಲಿ ಇದು ಸಿಕ್ಕಿದೆ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಬಗ್ ಸರಿ ಮಾಡಿ ಟಿಕೆಟ್ ಕ್ಲೋಸ್ ಮಾಡಿ ಪಾರ್ಟಿಯೂ ಮಾಡಿದ್ದಾಯ್ತು. ಆದರೆ ಹಳೇ ಕೋಡಿನ ಒಂದು ಕಾಪಿ ಯಾರೂ ನೋಡದ ಇನ್ನೊಂದು ಸರ್ವರ್‌ನಲ್ಲಿ ಓಡುತ್ತಲೇ ಇತ್ತು. ಒಂದು ದಿನ ಎರಡೂ ಸಿಂಕ್ ಆದವು. ಎಲ್ಲರೂ ಆ ಸರ್ವರ್‌ಗೆ ಬೈದರು. ಅಲ್ಲಿಗೆ ಆ ಕೋಡನ್ನು ಹಾಕಿದ್ದು ಯಾರು? ಮೊದಲು ಜಿಂಕೆಗೆ ಇದನ್ನು ಕೊಟ್ಟಿದ್ದು ದನ, ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಯಾವಾಗಲೋ, ಅನ್ನುವುದು ವಿಜ್ಞಾನಿಗಳ ಅಂದಾಜು.

ಸರಿ, ಕೊಟ್ಟಿತು. ಆದರೆ ಕಾಡಿನಲ್ಲಿ ಚೆದುರಿಕೊಂಡು ಬದುಕುವ ಪ್ರಾಣಿಯಲ್ಲಿ ಅದು ಉಳಿದುಕೊಂಡಿದ್ದು ಹೇಗೆ? ಇಲ್ಲೇ ನನ್ನ ಕ್ಯಾರೆಟ್ಟು ಬರೋದು. ಆ ಮೂಲೆಯಲ್ಲಿ ಬೇಟೆ ಕ್ಲಬ್ಬುಗಳದ್ದೇ ಸಾವಿರಾರು ಎಕರೆ ಕಾಡಿದೆ. ಮಣ್ಣು ಅಷ್ಟೇನೂ ಫಲವತ್ತಲ್ಲ, ಚಳಿಗಾಲ ಕೆಟ್ಟದು, ಬಹಳಷ್ಟು ಜಿಂಕೆ ಹಸಿವಿಂದ ಸಾಯಬೇಕು. ಸಾಯಬಾರದು ಅಂತ ಕ್ಲಬ್ಬಿನವರು ಲಾರಿಗಟ್ಟಲೆ ಕ್ಯಾರೆಟ್, ಸಕ್ಕರೆ ಬೀಟು, ಜೋಳ, ಸೇಬು ತಂದು ರಾಶಿ ಸುರಿಯತೊಡಗಿದರು. ಒಂದೊಂದು ರಾಶಿಗೆ ಹತ್ತಾರು ಜಿಂಕೆ ಮೂತಿಗೆ ಮೂತಿ ತಾಗಿಸಿಕೊಂಡು ತಿನ್ನುತ್ತಿದ್ದವು. ಈ ರೋಗಾಣು ಜೊಲ್ಲಿನಲ್ಲಿ, ಮೂಗಿನ ಸಿಂಬಳದಲ್ಲಿ ಬರುತ್ತದೆ. ತಿಂಡಿಯ ಮೇಲೆ ಬಿದ್ದರೆ ತಣ್ಣಗಿದ್ದಷ್ಟೂ ಹೆಚ್ಚು ದಿನ ಬದುಕುತ್ತದೆ. ಮಿಶಿಗನ್ ಚಳಿಗಾಲ ಅಂದರೆ ಅದಕ್ಕೆ ಫ್ರಿಜ್ಜು. ಅಯೋವಾದ ಏಮ್ಸ್‌ನಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ರೋಗದ ಜಿಂಕೆಗಳು ತಿಂದುಬಿಟ್ಟ ಮೇವನ್ನು ಕರುಗಳಿಗೆ ಹಾಕಿದರು. ಜಿಂಕೆಯೂ ಕರುವೂ ಮುಖಾಮುಖಿ ಆಗಲೇ ಇಲ್ಲ. ಕರುಗಳಿಗೆ ಕ್ಷಯ ಬಂತು.

ಜಿಂಕೆ ಸಾಯಬಾರದು ಅನ್ನುವ ಪ್ರೀತಿಯೇ ರೋಗಕ್ಕೆ ಅನ್ನ ಹಾಕಿತು ಅಂದರೆ ಒಪ್ಪಿಕೊಳ್ಳೋದು ಕಷ್ಟ. (ಆ ಪ್ರೀತಿಯಲ್ಲಿ ನವೆಂಬರ್ ೧೫ರ ಲೆಕ್ಕಾಚಾರವೂ ಇತ್ತು ಅನ್ನಿ.) ಆ ಭಾಗದಲ್ಲಿ ರಾಶಿ ಹಾಕುವುದನ್ನು ತೊಂಬತ್ತರ ದಶಕದ ಕೊನೆಯಲ್ಲೇ ನಿಷೇಧಿಸಿದರು. ಜಿಂಕೆಗಳದ್ದೇ ಇನ್ನೊಂದು ಭಯಂಕರ ರೋಗವೂ ಸೇರಿ, ೨೦೧೯ರ ಜನವರಿಯಿಂದ ರಾಜ್ಯದ ಕೆಳಭಾಗಕ್ಕೆಲ್ಲ ನಿಷೇಧ ಬಂತು. ಅಂದರೆ ನಾನು ಮೂರು ವಾರ ಮಾಡಿದ್ದು ಬರೀ ದಡ್ಡತನ ಅಲ್ಲ, ಕಾನೂನು ಪ್ರಕಾರ ತಪ್ಪೂ ಹೌದು. ನಮ್ಮ ಕಡೆ ಈ ರೋಗ ಸಿಕ್ಕಿದ್ದಲ್ಲ, ಅದು ಉತ್ತರದ ನಾಲ್ಕು ಕೌಂಟಿಗಳದ್ದು ಅಂತ ಸಮಾಧಾನ ಮಾಡಿಕೊಂಡೆ.

ಮುಂದಿನ ವಾರ ಅವರ ಹತ್ತಿರ ಹೋಗಿ ನಿಲ್ಲಿಸಿದೆ ಅಂತ ಹೇಳಿದೆ. ತಲೆ ಆಡಿಸಿದರು ಅಷ್ಟೇ. ಆದರೆ ಆ ವರ್ಷದ ನವೆಂಬರ್‌ನಲ್ಲಿ ಅವರೇ ಬಂದು, ಊರಿಗೆ ಹೋಗ್ತಿದ್ದೀನಿ, ಬರ್ತೀಯಾ ಅಂದರು. ಬೇಟೆಗಲ್ಲ, ಅವರ ಮಾವನ ಮನೆಗೆ. ಮಾವ ಅಂದರೆ ಅಮ್ಮನ ತಮ್ಮ. ಸೋದರಮಾವ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಇಲ್ಲದಿರೋದು ಎಷ್ಟು ಕಷ್ಟ ನೋಡಿ, ಮೂರು ಪ್ರಶ್ನೆ ಕೇಳಿ ಗೊತ್ತು ಮಾಡಿಕೊಂಡೆ.

ನಾಲ್ಕು ಗಂಟೆ ಡ್ರೈವು. ಉತ್ತರಕ್ಕೆ ಹೋದಷ್ಟೂ ಹೊಲ ಕಡಿಮೆ, ಕಾಡು ಜಾಸ್ತಿ. ದಾರಿಯಲ್ಲಿ ಒಂದು ಕಡೆ ಬೇಟೆಗಾರರು ಜಿಂಕೆಯ ತಲೆ ಕೊಟ್ಟು ಚೀಟಿ ಬರೆಸಿಕೊಳ್ಳುತ್ತಿದ್ದರು. ಟೀಬಿ ಪರೀಕ್ಷೆಗೆ. ಈ ತೊಂಬತ್ತೈದರಿಂದ ಹೀಗೆ ಎರಡು ಲಕ್ಷಕ್ಕೂ ಹೆಚ್ಚು ಜಿಂಕೆ ಪರೀಕ್ಷೆ ಆಗಿದೆಯಂತೆ. ಬೇಟೆಗಾರರಿಗೂ ಭಯ ಇದೆ. ೨೦೦೨, ೨೦೦೪, ೨೦೧೭, ಹೀಗೆ ಮೂರು ವರ್ಷಗಳಲ್ಲಿ ಒಬ್ಬೊಬ್ಬರಂತೆ ಈ ಭಾಗದ ಮನುಷ್ಯರಲ್ಲೂ ಜಿಂಕೆಯ ಈ ಕ್ಷಯ ಸಿಕ್ಕಿದೆ. ೨೦೦೪ರದ್ದು ಜಿಂಕೆ ಸೀಳುವಾಗ ಬೆರಳು ಕುಯ್ದುಕೊಂಡ ಬೇಟೆಗಾರನದ್ದು.

ಮಾವನಿಗೆ ಎಪ್ಪತ್ತೈದರ ಮೇಲೆ. ದೊಡ್ಡ ಕೆಂಪು ಕೊಟ್ಟಿಗೆ, ಒಳಗೆ ಒಂದೂ ದನ ಇಲ್ಲ. ಒಂದು ಟ್ರಾಕ್ಟರು, ಒಂದಷ್ಟು ಹಳೇ ಟೈರು. ಆದರೂ ನನ್ನ ಮೂಗಿಗೆ ವಾಸನೆ ಗೊತ್ತಾಯಿತು. ಸಗಣಿ, ಗಂಜಲ, ಹುಲ್ಲು ಸೇರಿದ ಆ ವಾಸನೆ ಎಷ್ಟು ವರ್ಷವಾದರೂ ಗೋಡೆ ಬಿಟ್ಟು ಹೋಗಲ್ಲ. ಪಕ್ಕದಲ್ಲಿ ಮೇವಿನ ಉಂಡೆಗಳನ್ನು ಇಡುತ್ತಿದ್ದ ಜಾಗಕ್ಕೆ ಎರಡಾಳೆತ್ತರದ ತಂತಿ ಬೇಲಿ. ಜಿಂಕೆ ಒಳಗೆ ಬಂದು ಮೇವಿಗೆ ಬಾಯಿ ಹಾಕದಿರಲಿ ಅಂತ. ಬೇಲಿ ಹಾಕಿಸಿದ್ದು ಮಂದೆಗೆ ರೋಗ ಬರುವ ಮೊದಲೋ ಆಮೇಲೋ ಅಂತ ಕೇಳಿದೆ. "ಒಂದು ವರ್ಷ ಆಮೇಲೆ" ಅಂದರು ಮಾವ.

ಅವರ ಮಂದೆಯಲ್ಲಿ ಎರಡು ದನಕ್ಕೆ ಪಾಸಿಟಿವ್ ಬಂತಂತೆ. ಅಷ್ಟೂ ದನಗಳನ್ನು ಲಾರಿಗೆ ಹತ್ತಿಸಿ ಕಳಿಸಿದರು. ಸರ್ಕಾರ ಬೆಲೆ ಕಟ್ಟಿ ದುಡ್ಡು ಕೊಟ್ಟಿತು. ದುಡ್ಡು ಸರಿಯಾಗೇ ಇತ್ತು, ಆ ಬಗ್ಗೆ ನನ್ನ ತಕರಾರಿಲ್ಲ ಅಂತ ಎರಡು ಸಲ ಹೇಳಿದರು. ಕೊಟ್ಟಿಗೆ ತೊಳೆದು, ಔಷಧಿ ಹೊಡೆದು, ಖಾಲಿ ಬಿಟ್ಟು, ಮತ್ತೆ ಬೇರೆ ದನ ತಂದು ಇನ್ನೊಂದು ವರ್ಷ ಮಾಡಿದರು. ಅದು ಕೈ ಹಿಡಿಯಲಿಲ್ಲ. ಜಿಂಕೆ ಮೇಲೆ ಸಿಟ್ಟಿಲ್ಲವಾ ಅಂತ ನಾನು ಕೇಳಿದ್ದಕ್ಕೆ ಅಡುಗೆಮನೆಯ ಕಿಟಕಿ ಕಡೆ ಕೈ ತೋರಿಸಿದರು. ಅಲ್ಲೊಂದು ಸೇಬಿನ ಮರ. ಅವರ ಹೆಂಡತಿ ಬದುಕಿದ್ದಾಗ ಉದುರಿದ ಸೇಬನ್ನೆಲ್ಲ ಬುಟ್ಟಿಯಲ್ಲಿ ಆರಿಸಿ ಬೇಲಿಯ ಹತ್ತಿರ ಸುರಿಯುತ್ತಿದ್ದರಂತೆ, ಜಿಂಕೆಗೆ. ಇಪ್ಪತ್ತು ವರ್ಷ. "ಎಷ್ಟು ಚೆಂದ ಕಾಣ್ತಿತ್ತು ಗೊತ್ತಾ" ಅಂದರು. ಅಷ್ಟೇ ಹೇಳಿದ್ದು.

ವಾಪಸು ಬರುವಾಗ ನಮ್ಮ ಹಿರಿಯರು ಕೇಳಿದರು, "ನಿಮ್ಮೂರಲ್ಲೂ ದನ ಇದೆಯಲ್ಲ? ಪಕ್ಕದಲ್ಲೇ ಕಾಡು ಅಂತಿದ್ದೆ. ಅಲ್ಲಿ ಹೀಗೆ ಏನೂ ಇಲ್ವಾ?"

ಇದೆ ಅಂದೆ. ಮುಂದೆ ಏನೂ ಹೇಳಲಿಲ್ಲ. ರೇಡಿಯೋ ಜೋರು ಮಾಡಿದೆ. ಅವರಿಗೆ ಹೇಳದ್ದನ್ನೇ ಈಗ ಇಲ್ಲಿ ಬರೆಯಬೇಕಾಗಿರೋದು.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಕಾಡಿಗೆ ಅಂಟಿಕೊಂಡ ಹಾಗೆ. ನಾವು ಚಿಕ್ಕವರಿದ್ದಾಗ ಮನೆಮನೆಗೂ ಹತ್ತು ಹದಿನೈದು ದನ. ಹಾಲಿಗಲ್ಲ, ಸಗಣಿಗೆ. ನಗಬೇಡಿ. ಆ ಸಣಕಲು ನಾಟಿ ದನಗಳು ಕೊಡುವ ಹಾಲು ಕಾಫಿಗೆ ಸಾಲದು, ಆದರೆ ಗೊಬ್ಬರವನ್ನು ಲಾರಿ ತುಂಬಿ ವಯನಾಡಿನ ಕಾಫಿ, ಶುಂಠಿ ತೋಟಗಳಿಗೆ ಒಯ್ಯುತ್ತಿದ್ದರು. ಮೇವು ಕಾಡಿನದು, ಗೊಬ್ಬರ ಕೇರಳಕ್ಕೆ, ನಡುವೆ ನಮಗೆ ನಾಲ್ಕು ಕಾಸು. ಹುಲಿ ಯೋಜನೆಯ ಕಾಡಿನಲ್ಲಿ ಮೇಯಿಸೋ ಹಾಗಿಲ್ಲ ಅಂತ ಕಾನೂನು. ಕಾಡಂಚಿನಲ್ಲಿ ಒಂದು ಕಟ್ಟೆ ಇತ್ತು. ಕಟ್ಟೆ ಅಂದರೆ ನೀರು ನಿಲ್ಲುವ ಸಣ್ಣ ಹೊಂಡ. ಮಧ್ಯಾಹ್ನ ನಮ್ಮ ದನ ಅಲ್ಲಿ ಕುಡಿಯುತ್ತಿದ್ದವು, ಸಂಜೆ ಜಿಂಕೆ, ಕತ್ತಲಾದ ಮೇಲೆ ಆನೆ, ಕಾಟಿ. ಪಾಳಿ ಯಾರೂ ಬರೆದಿಟ್ಟಿರಲಿಲ್ಲ.

೨೦೧೩ರಲ್ಲಿ ನಾನು ಹತ್ತನೇ ಕ್ಲಾಸು. ಆ ವರ್ಷ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ಬಂದು ಸಾವಿರಾರು ದನ ಸತ್ತವು, ನಿಮಗೆ ನೆನಪಿರಬಹುದು, ಪೇಪರ್ ತುಂಬಾ ಅದೇ. ನಮ್ಮ ದನಗಳಿಗೆ ಆ ಸಲ ಸೂಜಿ ಹಾಕಿಸಿರಲಿಲ್ಲ. ಸೂಜಿ ಹಾಕಿದರೆ ಇರೋ ಹಾಲೂ ಬತ್ತಿಹೋಗುತ್ತೆ ಅಂತ ಅವ್ವನ ವಾದ. ದಸರಾಕ್ಕೆ ಮುಂಚೆ ಅಪ್ಪ ಸಂತೆಯಿಂದ ಒಂದು ಕೆಂದು ಹಸು ಹೊಡೆದುಕೊಂಡು ಬಂದ. ಕೆಂದಿ ಅಂತಲೇ ಹೆಸರಾಯ್ತು. ಮೂರನೇ ದಿನ ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋದಾಗ ಕೆಂದಿಯ ಬಾಯಿಂದ ದಾರದ ಥರ ಜೊಲ್ಲು ಇಳಿಯುತ್ತಿತ್ತು. ಮೇವು ಮುಟ್ಟಿರಲಿಲ್ಲ. ತುಟಿ ಚಪ್ ಚಪ್ ಅಂತ ಬಡಿದುಕೊಳ್ಳುತ್ತಾ ಒಂದು ಮುಂಗಾಲನ್ನು ಎತ್ತಿ ಎತ್ತಿ ಇಡುತ್ತಿತ್ತು.

ನಾನು ನೋಡಿದೆ. ಅವ್ವನಿಗೆ ಹೇಳಿದ್ದರೆ ಅವತ್ತು ದನ ಬಿಡುವಂತಿಲ್ಲ, ನಾನು ಮನೆಯಲ್ಲೇ ಇದ್ದು ಹೊಲದ ಬದುವಿನಲ್ಲಿ ಹುಲ್ಲು ಕುಯ್ಯಬೇಕು. ದಸರಾ ರಜೆ. ಕಟ್ಟೆ ಹತ್ತಿರ ಗೆಳೆಯರೆಲ್ಲ ಬರುತ್ತಿದ್ದರು, ಈಜು, ಮರಕೋತಿ ಆಟ, ಸಂಜೆ ಮರದ ಮೇಲೆ ಕೂತರೆ ಜಿಂಕೆ ಹಿಂಡು. ಹೇಳಲಿಲ್ಲ. ಕೆಂದಿಯನ್ನೂ ಸೇರಿಸಿ ಅಷ್ಟೂ ದನಗಳನ್ನು ಹೊಡೆದುಕೊಂಡು ಹೋದೆ. ಕೆಂದಿ ಹಿಂದೆ ಬಿದ್ದಾಗ ಕೋಲಿನಲ್ಲಿ ಎರಡು ಹೊಡೆದೆ ಕೂಡ. ಕಟ್ಟೆಗೆ ಇಳಿದು ಬಾಯಿ ನೀರಿನಲ್ಲಿ ಅದ್ದಿಕೊಂಡು ಬಹಳ ಹೊತ್ತು ಹಾಗೇ ನಿಂತಿತ್ತು. ಬಾಯೆಲ್ಲ ಹುಣ್ಣಾದ ಪ್ರಾಣಿಗೆ ತಣ್ಣನೆ ನೀರು ಹಿತವಾಗಿರಬೇಕು ಅಂತ ಈಗ ಅನ್ನಿಸುತ್ತೆ.

ವಾರದೊಳಗೆ ಮನೆಯ ದನಗಳೆಲ್ಲ ಮಲಗಿದವು. ಆಮೇಲೆ ಅಕ್ಕಪಕ್ಕದ ಕೊಟ್ಟಿಗೆಗಳು. ಅವ್ವ ರಾತ್ರಿಯೆಲ್ಲ ರಾಗಿ ಅಂಬಲಿ ಕಾಯಿಸಿ ಬಿದಿರಿನ ಗೊಟ್ಟದಲ್ಲಿ ಕುಡಿಸುವಳು, ಬಾಯಿ ಹುಣ್ಣಿಗೆ ಜೇನುತುಪ್ಪ, ಗೊರಸಿನ ಸಂದಿಗೆ ಬೇವಿನೆಣ್ಣೆ. ದೊಡ್ಡವು ಬಹುತೇಕ ಬದುಕಿದವು, ಎರಡು ಹೋದವು. ಪುಟ್ಟಿ ಅಂತ ಒಂದು ಕರು ಇತ್ತು, ಎರಡು ತಿಂಗಳದ್ದು. ಅದಕ್ಕೆ ಬಾಯಲ್ಲಿ ಹುಣ್ಣೂ ಕಾಣಲಿಲ್ಲ. ಬೆಳಿಗ್ಗೆ ಕುಣಿಯುತ್ತಿದ್ದದ್ದು ಮಧ್ಯಾಹ್ನ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದ ಹಾಗೇ ಕುಸಿದು ಬಿದ್ದು ಸತ್ತಿತು. ಎಳೇ ಕರುಗಳಲ್ಲಿ ಈ ವೈರಸ್ಸು ಹೃದಯಕ್ಕೇ ಹೋಗುತ್ತದಂತೆ. ಹೃದಯದ ಮೇಲೆ ಪಟ್ಟೆ ಪಟ್ಟೆ ಗೆರೆ ಏಳುತ್ತದೆ, ಅದಕ್ಕೆ ಪಶುವೈದ್ಯರು ಹುಲಿ ಹೃದಯ ಅಂತಲೇ ಹೆಸರಿಟ್ಟಿದ್ದಾರೆ. ಹುಲಿ ಯೋಜನೆಯ ಪಕ್ಕದಲ್ಲಿ ಹುಟ್ಟಿದ ಕರು ಹುಲಿ ಕೈಗೆ ಸಿಗದೆ ಹೀಗೆ ಸತ್ತಿತು.

ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕಾಡು ಪ್ರಾಣಿ ಕೊಟ್ಟ ರೋಗ ಇದು ಅಂತ. ಜಿಂಕೆ ಬಂದು ಕಟ್ಟೆ ನೀರು ಕೆಡಿಸಿದವು, ಫಾರೆಸ್ಟಿನವರು ಪರಿಹಾರ ಕೊಡಬೇಕು ಅಂತ. ನಾನೂ ಹೂಂ ಅಂದೆ.

ಎರಡು ವಾರ ಕಳೆದು ಒಬ್ಬನೇ ಕಟ್ಟೆ ಕಡೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೇ ಜಿಂಕೆ ಬಂದಿದ್ದವು, ಆ ಹೊತ್ತಿಗೆ ಬರುವವಲ್ಲ. ಮೂರಿದ್ದವು. ಒಂದು ಮುಂಗಾಲು ಎತ್ತಿಕೊಂಡೇ ನಿಂತಿತ್ತು. ನನ್ನನ್ನು ನೋಡಿ ಎರಡು ಕುಂಟುತ್ತಾ ಲಂಟಾನದೊಳಗೆ ಹೋದವು. ಮರಿಯೊಂದು ಕೆಸರಿನ ಅಂಚಿನಲ್ಲಿ ಮಲಗಿತ್ತು, ನಾನು ಹತ್ತು ಮಾರು ಹತ್ತಿರ ಹೋದರೂ ಏಳಲಿಲ್ಲ. ಬಾಯಂಚಿನಲ್ಲಿ ಜೊಲ್ಲು. ಬಿಸಿಲಿಗೆ ಹೊಳೀತಿತ್ತು. ನಾನು ತಿರುಗಿ ಓಡಿಬಿಟ್ಟೆ.

ಯಾರೂ ರಕ್ತ ತೆಗೆದು ಪರೀಕ್ಷೆ ಮಾಡಲಿಲ್ಲ, ಆದ್ದರಿಂದ ಇದೇ ಅಂತ ಪ್ರಮಾಣ ಮಾಡಿ ಹೇಳಲಾರೆ. ಬೇರೆಯವರ ದನವೂ ಅದೇ ಕಟ್ಟೆಗೆ ಬರುತ್ತಿದ್ದವು. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವ ಲಾಗು ನನ್ನ ತಲೆಯಲ್ಲಿದೆ, ಅದನ್ನು ಅಳಿಸೋಕಾಗಲ್ಲ. ಕಾಲುಬಾಯಿ ಜ್ವರ ಗೊರಸು ಸೀಳಿರುವ ಪ್ರಾಣಿಗಳಿಗೆಲ್ಲ ಬರುತ್ತದೆ. ದನ, ಎಮ್ಮೆ, ಕುರಿ, ಹಂದಿ, ಹಾಗೇ ಜಿಂಕೆ, ಕಡವೆ, ಕಾಟಿ. ನಮ್ಮ ದೇಶದಲ್ಲಿ ಅದನ್ನು ವರ್ಷದಿಂದ ವರ್ಷಕ್ಕೆ ಜೀವಂತ ಇಟ್ಟಿರೋದು ಮುಖ್ಯವಾಗಿ ನಮ್ಮ ದನ ಎಮ್ಮೆಗಳೇ, ಕಾಡಿನವಲ್ಲ.

ಮಿಶಿಗನ್ ಕ್ಷಯದ ಬಗ್ಗೆ ಓದುತ್ತಾ ಇನ್ನೊಂದು ಕತೆ ಸಿಕ್ಕಿತು. ೧೯೨೪ರಲ್ಲಿ ಕ್ಯಾಲಿಫೋರ್ನಿಯಾದ ದನಗಳಿಗೆ ಕಾಲುಬಾಯಿ ಜ್ವರ ಬಂದು, ಅಲ್ಲಿಂದ ಸ್ಟ್ಯಾನಿಸ್ಲಾಸ್ ರಾಷ್ಟ್ರೀಯ ಅರಣ್ಯದ ಜಿಂಕೆಗಳಿಗೆ ಹಬ್ಬಿತು. ರೋಗ ಅಲ್ಲೇ ಉಳಿದುಬಿಟ್ಟರೆ ಕಷ್ಟ ಅಂತ ಜಿಂಕೆಗಳನ್ನೇ ಕೊಲ್ಲಲು ತೀರ್ಮಾನ ಮಾಡಿದರು. ಕೊಂದದ್ದು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು. ರೋಗದ ಗುರುತು ಇದ್ದದ್ದು ಹತ್ತರಲ್ಲಿ ಒಂದಕ್ಕೆ. ರೋಗವೇನೋ ಹೋಯಿತು. ಅಮೆರಿಕದಲ್ಲಿ ೧೯೨೯ರ ನಂತರ ಕಾಲುಬಾಯಿ ಜ್ವರ ಇಲ್ಲ. ಅದನ್ನು ಓದಿದ ರಾತ್ರಿ ನನಗೆ ಕಂಡದ್ದು ಕ್ಯಾಲಿಫೋರ್ನಿಯಾ ಅಲ್ಲ, ನಮ್ಮ ಕಟ್ಟೆಯ ಕೆಸರು.

ಅಜ್ಜಿಗೆ ಎಂಬತ್ತಾಯಿತು, ನೆನಪು ಗಟ್ಟಿ. ಹೋದ ಸಲ ಊರಿಗೆ ಹೋದಾಗ ಸುಮ್ಮನೆ ಕೇಳಿದೆ, ಹಿಂದೆ ಕಾಡುಪ್ರಾಣಿಗಳಿಗೆ ರೋಗ ಬಂದಿದ್ದು ನೋಡಿದ್ದೀಯಾ ಅಂತ. "ದೊಡ್ಡರೋಗ ಬಂದಿತ್ತಲ್ಲ, ಕಾಟಿಯೆಲ್ಲ ಸತ್ತು ಹಳ್ಳದಲ್ಲಿ ನಾತ" ಅಂದಳು. ದೊಡ್ಡರೋಗ ಅಂದರೆ ರಿಂಡರ್‌ಪೆಸ್ಟ್. ೧೯೬೮ರಲ್ಲಿ ಬಂಡೀಪುರ, ಮುದುಮಲೈ ಭಾಗದ ಕಾಟಿಗಳು ಅದರಿಂದ ಹಿಂಡುಗಟ್ಟಲೆ ಸತ್ತಿದ್ದು ದಾಖಲೆಯಲ್ಲಿದೆ. ಅಜ್ಜಿಗೆ ಆಗ ಇಪ್ಪತ್ತಮೂರು. "ಮೊದ್ಲು ನಮ್ ಹಟ್ಟೀಲಿ ಸತ್ವು, ಆಮೇಲೆ 'ಕಾಡ್ನೋವು' ಅಂದ್ರು. ಕಾಡ್ಗೆ ಕೊಟ್ಟೋರು ನಾವೇ ಕಣ್ ಮಗ" ಅಂದಳು. ಯಾರೂ ಅವಳಿಗೆ ವೈರಸ್ಸಿನ ಪಾಠ ಮಾಡಿಲ್ಲ.

ಆ ದೊಡ್ಡರೋಗ ಈಗ ಭೂಮಿಯ ಮೇಲೇ ಇಲ್ಲ. ದನಗಳಿಗೆ ಬಿಡದೆ ಲಸಿಕೆ ಹಾಕುತ್ತಾ ಹಾಕುತ್ತಾ ಭಾರತದಲ್ಲಿ ೧೯೯೫ಕ್ಕೆ ಕೊನೆಯಾಯಿತು, ೨೦೧೧ರಲ್ಲಿ ಇಡೀ ಜಗತ್ತಿನಿಂದ ಹೋಯಿತು ಅಂತ ಘೋಷಿಸಿದರು. ಸಿಡುಬು ಬಿಟ್ಟರೆ ಮನುಷ್ಯ ಪೂರ್ತಿ ಅಳಿಸಿದ ರೋಗ ಇದೊಂದೇ. ಕಾಟಿಗೆ ಯಾರೂ ಕಾಡಿಗೆ ಹೋಗಿ ಸೂಜಿ ಚುಚ್ಚಲಿಲ್ಲ. ದನಕ್ಕೆ ಚುಚ್ಚಿದ್ದೇ ಸಾಕಾಯಿತು, ಕಾಟಿಯೂ ಉಳಿಯಿತು. ಮಿಶಿಗನ್‌ನಲ್ಲಿ ಹಾಗಾಗಲಿಲ್ಲ, ದನದಿಂದ ತೆಗೆದರೂ ಜಿಂಕೆ ಅದನ್ನು ತಾನೇ ಸಾಕಿಕೊಂಡಿತು. ಈಗಲೂ ಆ ಮೂಲೆಯಲ್ಲಿ ನೂರರಲ್ಲಿ ಒಂದೆರಡು ಜಿಂಕೆಗೆ ಇದೆ, ಅದಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಯಾವ ರೋಗ ಎಲ್ಲಿ ಮನೆ ಮಾಡಿಕೊಳ್ಳುತ್ತೆ ಅನ್ನೋದು ಕೊಡುವಾಗ ಗೊತ್ತಿರಲ್ಲ.

ಕಳೆದ ವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ. ಅದೂ ಇದೂ ಮಾತಾಡಿ, ಕೊನೆಗೆ ಕೆಂದಿ ವಿಷಯ ತೆಗೆದೆ. ಅವತ್ತು ಬೆಳಿಗ್ಗೆ ನಾನು ಜೊಲ್ಲು ನೋಡಿದ್ದೆ, ನೋಡಿಯೂ ಹೊಡ್ಕೊಂಡು ಹೋದೆ, ಜಿಂಕೆ ಕುಂಟೋದನ್ನೂ ನೋಡಿದ್ದೆ, ಎಲ್ಲ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ಟಾಯಿತಾ ಅಂತ ಹಲೋ ಹಲೋ ಅಂದೆ.

"ಸಂತೇಲೇ ಜೊಲ್ಲು ಇತ್ತು" ಅಂದ ಅಪ್ಪ. "ದೂರದಿಂದ ನಡ್ಕೊಂಡ್ ಬಂದದೆ, ದಣಿವು ಅಂದ ಮಾರೋನು. ಮೂರು ಸಾವ್ರ ಕಮ್ಮಿ ಮಾಡ್ದ. ಯಾಕಪ್ಪ ಕಮ್ಮಿ ಮಾಡ್ತೀಯ ಅಂತ ನಾನು ಕೇಳ್ನಿಲ್ಲ."

ಹನ್ನೆರಡು ವರ್ಷ ಇಬ್ಬರೂ ಒಂದೇ ಮನೆಯಲ್ಲಿ ಅದನ್ನು ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದೆವು. ಈಗ ೨೦೧೯ರಿಂದ ಕೇಂದ್ರದ ಯೋಜನೆಯಲ್ಲಿ ಆರಾರು ತಿಂಗಳಿಗೆ ಉಚಿತವಾಗಿ ಸೂಜಿ ಹಾಕುತ್ತಾರೆ, ಕಿವಿಗೆ ಹಳದಿ ಓಲೆ. ಮೊನ್ನೆ ಬಂದು ಹಾಕಿ ಹೋದರಂತೆ. ಹಾಲು ಕಮ್ಮಿ ಆಯ್ತದೆ ಅಂತ ನಿಮ್ಮವ್ವ ಈಗ್ಲೂ ಗೊಣಗ್ತಾಳೆ ಅಂದ. ನಾನು ನಕ್ಕೆ. ಆಮೇಲೆ ಅಪ್ಪ ಕೇಳಿದ, "ಆ ಮರಿ ಬದುಕ್ತಾ?"

ಗೊತ್ತಿಲ್ಲ ಅಪ್ಪ, ಆಮೇಲೆ ನಾನು ಆ ಕಡೆ ಹೋಗಲೇ ಇಲ್ಲ ಅಂದೆ. ಹೂಂ ಅಂದ. ಸ್ವಲ್ಪ ಹೊತ್ತು ಬಿಟ್ಟು ಬೋರ್‌ವೆಲ್ ವಿಷಯ ಶುರು ಮಾಡಿದ.